‘ವಯಸ್ಸಾಯ್ತಲ್ಲ, ಇನ್ನೇನು’ ಅನ್ನುವ ಅಪ್ಪ-ಅಮ್ಮನಿಗೆ ಬಲದ ವ್ಯಾಯಾಮ ಶುರು ಮಾಡಿಸೋದು ಹೇಗೆ?

ಪ್ರಶ್ನೆ: ಬೆಣ್ಣೆನಗರಿ

ಅಪ್ಪನಿಗೆ 71, ಅಮ್ಮನಿಗೆ 66. ಇಬ್ಬರೂ ಓಡಾಡಿಕೊಂಡು ಚೆನ್ನಾಗೇ ಇದ್ದಾರೆ. ಆದರೆ ಒಂದೊಂದೇ ಕೆಲಸ ಬಿಡುತ್ತಾ ಬರುತ್ತಿದ್ದಾರೆ. ಅಪ್ಪ ಬೆಳಿಗ್ಗೆ ಗೆಳೆಯರ ಜೊತೆ 40 ನಿಮಿಷ ವಾಕಿಂಗ್ ಹೋಗ್ತಾರೆ. ‘ನನಗಷ್ಟು ಸಾಕು, ತೂಕ ಎತ್ತೋದೆಲ್ಲ ಹುಡುಗರ ಕೆಲಸ’ ಅಂತಾರೆ. ಆದರೆ ಸೋಫಾದಿಂದ ಏಳೋಕೆ ಕೈ ಊರಲೇಬೇಕು. ಅಮ್ಮ ‘ಮಂಡಿ ಸವೆದಿದೆ, ಇರೋದನ್ನೂ ಸವೆಸಿಕೊಳ್ಳೋದು ಬೇಡ’ ಅಂತ ಮೆಟ್ಟಿಲು ಹತ್ತೋದನ್ನೇ ಬಿಟ್ಟಿದ್ದಾರೆ. ಬಟ್ಟೆ ಒಣಹಾಕೋಕೂ ಟೆರೇಸಿಗೆ ಹೋಗಲ್ಲ. ಎಕ್ಸ್-ರೇ ನೋಡಿದ ಡಾಕ್ಟರು ‘ಸವೆತ ಶುರುವಾಗಿದೆ, ವ್ಯಾಯಾಮ ಮಾಡಿ’ ಅಂದರು. ಯಾವ ವ್ಯಾಯಾಮ, ಎಷ್ಟು ಅಂತ ಹೇಳಲಿಲ್ಲ.

ಅಪ್ಪನಿಗೆ ಬಿಪಿ ಮಾತ್ರೆ, ಪ್ರಾಸ್ಟೇಟಿಗೆ ಟಾಮ್ಸುಲೋಸಿನ್ ಇದೆ. ಅಮ್ಮನಿಗೆ ಶುಗರ್, ಮೆಟ್‌ಫಾರ್ಮಿನ್ ಜೊತೆ ಗ್ಲಿಮೆಪಿರೈಡ್. ಹೃದಯದ ತೊಂದರೆ ಇಬ್ಬರಿಗೂ ಇಲ್ಲ.

ವಾಕಿಂಗ್ ಒಂದೇ ಸಾಕಾಗಲ್ಲವಾ? ಮಂಡಿ ನೋವಿದ್ದವರು ಕೂತು ಏಳುವ ವ್ಯಾಯಾಮ ಮಾಡಬಹುದಾ? ಜಿಮ್ಮಿಗಂತೂ ಇಬ್ಬರೂ ಬರಲ್ಲ, ಮನೆಯಲ್ಲೇ ಆಗಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಮನಸ್ಸು ಒಪ್ಪಿಸೋದು ಹೇಗೆ?

ಉತ್ತರ: ಮಂಡಿಚಿಪ್ಪು (ಫಿಸಿಯೋಥೆರಪಿ)

ವ್ಯಾಯಾಮಕ್ಕೆ ಮೊದಲು ಅಳತೆ. ‘ವಯಸ್ಸಾಯ್ತು’ ಅನ್ನೋ ಮಾತಿಗೆ ವಾದ ಹೂಡಿ ಗೆಲ್ಲೋಕಾಗಲ್ಲ. ಒಂದು ಸಂಖ್ಯೆ ಕೈಗೆ ಸಿಕ್ಕರೆ ಮಾತೇ ಬೇರೆಯಾಗುತ್ತೆ.

ಸುಮಾರು 43 ಸೆಂ.ಮೀ. ಎತ್ತರದ, ಕೈಯಿಲ್ಲದ ಮರದ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ. ಪ್ಲಾಸ್ಟಿಕ್ ಕುರ್ಚಿ ಬೇಡ, ಟೈಲ್ಸ್ ಮೇಲೆ ಜಾರುತ್ತೆ. ಎರಡೂ ಕೈ ಎದೆಯ ಮೇಲೆ ಅಡ್ಡ ಕಟ್ಟಿಕೊಂಡು 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತಾರೆ ಎಣಿಸಿ. ಕೊನೆಯ ಸಲ ಅರ್ಧಕ್ಕಿಂತ ಮೇಲೆ ಎದ್ದಿದ್ದರೆ ಅದನ್ನೂ ಲೆಕ್ಕಕ್ಕೆ ತಗೊಳ್ಳಿ. ಕೈ ಊರಿದರೆ ಅಂಕ ಸೊನ್ನೆ. 70ರಿಂದ 74ರ ಗಂಡಸರಿಗೆ 12ಕ್ಕಿಂತ ಕಡಿಮೆ, 65ರಿಂದ 69ರ ಹೆಂಗಸರಿಗೆ 11ಕ್ಕಿಂತ ಕಡಿಮೆ ಬಂದರೆ ಅವರ ವಯಸ್ಸಿನವರ ಸರಾಸರಿಗಿಂತ ಕೆಳಗೆ, ಬೀಳುವ ಅಪಾಯ ಹೆಚ್ಚು ಎಂದರ್ಥ. ‘ವಯಸ್ಸಿನವರ’ ಅನ್ನೋ ಮಾತನ್ನು ಅಪ್ಪನಿಗೆ ಒತ್ತಿ ಹೇಳಿ. ಇಲ್ಲಿ ಹೋಲಿಕೆ 25ರ ಹುಡುಗನ ಜೊತೆ ಅಲ್ಲ, 71ರ ಇನ್ನೊಬ್ಬರ ಜೊತೆ. ಕೊರತೆ ಇದ್ದರೆ ಅದು ವಯಸ್ಸಿನದ್ದಲ್ಲ.

ಆಮೇಲೆ ಸಮತೋಲ. ಅಡುಗೆ ಕಟ್ಟೆಯ ಪಕ್ಕ ನಿಲ್ಲಿಸಿ, ನೀವೂ ಹತ್ತಿರ ಇರಿ. ಒಂದು ಪಾದದ ಹಿಮ್ಮಡಿ ಇನ್ನೊಂದು ಪಾದದ ಬೆರಳಿಗೆ ತಾಗುವ ಹಾಗೆ ಒಂದೇ ಗೆರೆಯಲ್ಲಿ ನಿಲ್ಲಬೇಕು. 10 ಸೆಕೆಂಡ್ ಆಗದಿದ್ದರೆ ಸಮತೋಲದ ಅಭ್ಯಾಸವನ್ನು ಮುಂದಕ್ಕೆ ಹಾಕಬೇಡಿ.

ಈಗ ವಾಕಿಂಗ್ ವಿಷಯ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ 65 ದಾಟಿದವರಿಗೆ ಮೂರು ಬೇರೆ ಬೇರೆ ಬಾಬ್ತು ಹೇಳುತ್ತೆ: ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮದ ಚಟುವಟಿಕೆ, ಕನಿಷ್ಠ 2 ದಿನ ಸ್ನಾಯುಬಲದ ವ್ಯಾಯಾಮ, ಕನಿಷ್ಠ 3 ದಿನ ಸಮತೋಲ ಮತ್ತು ಬಲ ಸೇರಿದ ಅಭ್ಯಾಸ. ವಾಕಿಂಗ್ ಮೊದಲನೆಯದನ್ನು ಮಾತ್ರ ತುಂಬುತ್ತೆ, ಅದೂ ಸ್ವಲ್ಪ ಬಿರುಸಾಗಿದ್ದರೆ: ಮಾತಾಡೋಕೆ ಬರಬೇಕು, ಹಾಡು ಹೇಳೋಕೆ ಉಸಿರು ಸಾಲಬಾರದು. ಸಮತಟ್ಟು ನೆಲದಲ್ಲಿ ನಡೆಯುವಾಗ ತೊಡೆಯ ಮುಂಭಾಗದ ಸ್ನಾಯುವಿಗೆ ಬೀಳೋ ಭಾರ ಕಡಿಮೆ. ಅದಕ್ಕೇ ವರ್ಷಗಟ್ಟಲೆ ನಡೆದವರೂ ತಗ್ಗಾದ ಸೋಫಾದಿಂದ ಏಳೋಕೆ ಒದ್ದಾಡ್ತಾರೆ. ಅಪ್ಪ ವಾಕಿಂಗ್ ಬಿಡೋದು ಬೇಡ, ಅದರ ಮೇಲೆ ಇದನ್ನು ಸೇರಿಸಿ.

ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಡುವು. ಸೋಮ, ಬುಧ, ಶುಕ್ರ ಇಟ್ಟುಕೊಳ್ಳಿ. ಎಲ್ಲ ಸೇರಿ ಅರ್ಧ ಗಂಟೆ.

ಕುರ್ಚಿಯಿಂದ ಏಳೋದೇ ಮುಖ್ಯ ಪಾಠ, ಅದನ್ನು ಸರಿಯಾಗಿ ಕಲಿಸಿ. ಕೈ ಊರದೆ ಏಳೋಕಾಗದವರಿಗೆ ಜಮಖಾನವನ್ನು ಗಟ್ಟಿಯಾಗಿ ಮಡಚಿ ಕುರ್ಚಿ ಮೇಲೆ ಹಾಕಿ ಎತ್ತರ 50 ಸೆಂ.ಮೀ. ಮಾಡಿ. ವಾರಕ್ಕೊಂದು ಮಡಿಕೆ ಕಡಿಮೆ ಮಾಡ್ತಾ ಬನ್ನಿ. ಕುರ್ಚಿಯ ಮುಂದಿನ ಅರ್ಧಕ್ಕೆ ಸರಿದು ಕೂರಬೇಕು. ಪಾದಗಳ ನಡುವೆ ಭುಜದಷ್ಟು ಅಂತರ, ಹಿಮ್ಮಡಿ ಮಂಡಿಗಿಂತ ಸ್ವಲ್ಪ ಹಿಂದೆ. ಮೂಗು ಕಾಲ್ಬೆರಳ ನೇರಕ್ಕೆ ಬರೋ ತನಕ ಸೊಂಟದಿಂದ ಮುಂದಕ್ಕೆ ಬಾಗಿ, ಹಿಮ್ಮಡಿ ಒತ್ತಿ ಚುರುಕಾಗಿ ಏಳಬೇಕು. ಕೂರುವಾಗ ಒಂದು, ಎರಡು, ಮೂರು ಎಣಿಸ್ತಾ ನಿಧಾನ. ಹೀಗೆ 8ರಿಂದ 10 ಸಲ, ಎರಡು ನಿಮಿಷ ಬಿಟ್ಟು ಮತ್ತೊಂದು ಸುತ್ತು.

ಎಡವೋದು ಎಲ್ಲಿ ಅಂದರೆ, ಹೆಚ್ಚಿನವರು ಮುಂದಕ್ಕೆ ಬಾಗದೆ ನೆಟ್ಟಗೆ ಏಳೋಕೆ ನೋಡ್ತಾರೆ. ಆಗ ದೇಹದ ಭಾರ ಪಾದದ ಮೇಲೆ ಬರೋದೇ ಇಲ್ಲ, ಮತ್ತೆ ಹಿಂದಕ್ಕೆ ಬೀಳ್ತಾರೆ, ‘ನನ್ನಿಂದ ಆಗಲ್ಲ’ ಅನ್ನೋ ತೀರ್ಮಾನಕ್ಕೆ ಬರ್ತಾರೆ. ಅಲ್ಲಿ ಕೊರತೆ ಬಲದ್ದಲ್ಲ, ಕ್ರಮದ್ದು. ಎರಡನೆಯದು, ಏಳುವಾಗ ಮಂಡಿಗಳು ಒಳಕ್ಕೆ ವಾಲೋದು: ಮಂಡಿ ಕಾಲಿನ ಎರಡನೇ ಬೆರಳಿನ ದಿಕ್ಕಿಗೇ ಇರಬೇಕು. ಮೂರನೆಯದು, ಧೊಪ್ಪನೆ ಕೂರೋದು, ಮೂಳೆ ಟೊಳ್ಳಾದವರಿಗೆ ಇದರಿಂದ ಬೆನ್ನುಮೂಳೆಗೇ ಪೆಟ್ಟು. ನಾಲ್ಕನೆಯದು ಉಸಿರು ಬಿಗಿ ಹಿಡಿಯೋದು, ಬಿಪಿ ಇರೋರಲ್ಲಿ ಒತ್ತಡ ತಟ್ಟನೆ ಏರುತ್ತೆ. ಗಟ್ಟಿಯಾಗಿ ಎಣಿಸಲು ಹೇಳಿ, ಉಸಿರು ತಾನಾಗೇ ಹೋಗುತ್ತೆ.

ಇದರ ಜೊತೆಗೆ ಅಡುಗೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸೋದು 10 ಸಲ. ಕಟ್ಟೆ ಹಿಡಿದೇ ಕಾಲನ್ನು ಪಕ್ಕಕ್ಕೆ ಎತ್ತೋದು, ಒಂದೊಂದು ಕಾಲಿಗೆ 10 ಸಲ. ಸೊಂಟದ ಪಕ್ಕದ ಈ ಸ್ನಾಯುವೇ ಒಂಟಿ ಕಾಲಿನ ಮೇಲೆ ಭಾರ ಬಿದ್ದಾಗ ಪಕ್ಕಕ್ಕೆ ವಾಲದಂತೆ ತಡೆಯೋದು. ಗೋಡೆಯಿಂದ ಒಂದು ತೋಳಿನಷ್ಟು ದೂರ ನಿಂತು ಗೋಡೆ ದಂಡ (ಅಂಗೈ ಗೋಡೆಗೆ ಊರಿ, ಮೊಣಕೈ ಮಡಚಿ ಎದೆಯನ್ನು ಗೋಡೆ ಹತ್ತಿರ ತಂದು ಮತ್ತೆ ಹಿಂದಕ್ಕೆ ತಳ್ಳೋದು) 10 ಸಲ. ಕೊನೆಗೆ ಒಂದೇ ಗೆರೆಯಲ್ಲಿ ನಿಲ್ಲೋದು, 10 ಸೆಕೆಂಡಿನಿಂದ ಶುರು ಮಾಡಿ 30ಕ್ಕೆ. ಕಟ್ಟೆಯನ್ನು ಮೊದಲು ಕೈಯಿಂದ, ಆಮೇಲೆ ಎರಡು ಬೆರಳಿಂದ, ಆಮೇಲೆ ಬರೀ ಹತ್ತಿರ ಕೈ ಇಟ್ಟುಕೊಂಡು. ಬರಿಗಾಲು ಅಥವಾ ಹಿಡಿತ ಇರೋ ಶೂ. ಹವಾಯಿ ಚಪ್ಪಲಿಯಲ್ಲಿ ಬೇಡ. ಸೀರೆ, ನೈಟಿ ಅಂಚು ಕಣಕಾಲಿನ ಮೇಲಿರಲಿ.

ಭಾರ ಸರಿಯಾಗಿದೆಯಾ ಅಂತ ತಿಳಿಯೋದು ಹೀಗೆ: ಸುತ್ತು ಮುಗಿದಾಗ ‘ಇನ್ನೂ ಎರಡು ಮೂರು ಸಲ ಆಗ್ತಿತ್ತು’ ಅನ್ನಿಸಬೇಕು. ಇನ್ನೂ ಇಪ್ಪತ್ತು ಆಗ್ತಿತ್ತು ಅನ್ನೋದಾದರೆ ಪ್ರಯೋಜನವಿಲ್ಲ. ಎಣಿಕೆ ಏರಿಸ್ತಾ ಹೋಗಿ, ಸತತ ಎರಡು ಅಭ್ಯಾಸದ ದಿನ 12ರ ಎರಡು ಸುತ್ತು ಸಲೀಸಾದರೆ ಎರಡು ಕೆಜಿ ರಾಗಿ ಚೀಲವನ್ನು ಎದೆಗೆ ಅವುಚಿಕೊಂಡು ಏಳೋದು. ಹಿರಿಯರ ವ್ಯಾಯಾಮ ಸೋಲೋದು ಹೆಚ್ಚಾಗಿ ಇಲ್ಲೇ: ಆರು ತಿಂಗಳಾದರೂ ಅದೇ ಅರ್ಧ ಲೀಟರ್ ನೀರಿನ ಬಾಟಲಿ, ಅದೇ ಹತ್ತು ಸಲ.

ಉತ್ತರ: ಹೊಂಗೆನೆರಳು

ಮನಸ್ಸಿನ ಪ್ರಶ್ನೆಗೆ ನನ್ನ ಉತ್ತರ. ‘ಅರವತ್ತಕ್ಕೆ ಅರಳು ಮರಳು’ ಅನ್ನೋ ಗಾದೆಯಲ್ಲೇ ಬೆಳೆದವರು ನಾವು. ಮುಪ್ಪು ಅಂದರೆ ಹೀಗೇ ಅಂತ ಚಿಕ್ಕಂದಿನಿಂದ ಒಳಗಿಳಿದ ಮಾತು 65ರಲ್ಲಿ ದೇಹದ ಮೇಲೇ ಕೆಲಸ ಮಾಡುತ್ತೆ. ಯೇಲ್ ವಿಶ್ವವಿದ್ಯಾಲಯದ ಬೆಕಾ ಲೆವಿ 2002ರಲ್ಲಿ ಪ್ರಕಟಿಸಿದ ಅಧ್ಯಯನ ಅಮೆರಿಕದ ಓಹಾಯೋದ ಒಂದು ಊರಿನ 50 ದಾಟಿದ 660 ಜನರದ್ದು. ತಮ್ಮ ವಯಸ್ಸಾಗುವಿಕೆ ಬಗ್ಗೆ ಒಳ್ಳೆಯ ಭಾವನೆ ಇದ್ದವರು ಇಲ್ಲದವರಿಗಿಂತ ಸರಾಸರಿ 7.5 ವರ್ಷ ಹೆಚ್ಚು ಬದುಕಿದರು. ಆರೋಗ್ಯ, ಆದಾಯ, ಒಂಟಿತನ ಎಲ್ಲ ಲೆಕ್ಕಕ್ಕೆ ತಗೊಂಡ ಮೇಲೂ ಈ ಅಂತರ ಉಳಿಯಿತು. ಭಾವನೆಯೇ ಆಯುಸ್ಸು ಕೊಟ್ಟಿತು ಅಂತ ಇದರಿಂದ ಸಾಬೀತಾಗಲ್ಲ. ಆದರೆ ‘ಏನು ಮಾಡಿದರೂ ಅಷ್ಟೇ’ ಅಂದುಕೊಂಡವರು ನಡೆಯೋದು, ಮಾತ್ರೆ ಸರಿಯಾಗಿ ತಗೊಳ್ಳೋದು ಎಲ್ಲವನ್ನೂ ಸಡಿಲ ಬಿಡ್ತಾರೆ ಅನ್ನೋದು ಲೆವಿಯವರದೇ ಮುಂದಿನ ಅಧ್ಯಯನದಲ್ಲೂ ಕಂಡಿದೆ.

ಇದಕ್ಕೆ ಎದುರಾಗಿ ಇಡಬೇಕಾದ ಉದಾಹರಣೆ ಬಾಸ್ಟನ್ನಿನ ಒಂದು ವೃದ್ಧಾಲಯದ್ದು. 1990ರಲ್ಲಿ ಮರಿಯಾ ಫಿಯಾಟರೋನ್ ಮತ್ತು ಸಂಗಡಿಗರು ಸರಾಸರಿ 90 ವರ್ಷದ ಹತ್ತು ಜನರಿಗೆ ಎಂಟು ವಾರ ಭಾರದ ವ್ಯಾಯಾಮ ಮಾಡಿಸಿದರು. ಮುಗಿಸಿದವರಲ್ಲಿ ಕಾಲಿನ ಬಲ ಸರಾಸರಿ ಶೇ 174 ಏರಿತು. ಹತ್ತೇ ಜನ, ನಿಜ. 1994ರಲ್ಲಿ ನೂರು ಜನರ ಮೇಲೆ ನಡೆಸಿದಾಗಲೂ ಬಲ ದುಪ್ಪಟ್ಟು ದಾಟಿತು. ತೊಂಬತ್ತರ ಸ್ನಾಯು ಭಾರಕ್ಕೆ ಸ್ಪಂದಿಸುತ್ತೆ ಅಂದಮೇಲೆ 71ರದ್ದು ಸ್ಪಂದಿಸದೇ ಇರೋಕೆ ಕಾರಣವಿಲ್ಲ. ಹಾಗೇ ಮಂಚ ಹಿಡಿದರೆ ಏನಾಗುತ್ತೆ ಅನ್ನೋದಕ್ಕೂ 2007ರ ಅಧ್ಯಯನ ಇದೆ: ಆರೋಗ್ಯವಂತ ಹಿರಿಯರು ಹತ್ತು ದಿನ ಮಲಗಿದ್ದಕ್ಕೇ ಕಾಲುಗಳಲ್ಲಿ ಸುಮಾರು ಒಂದು ಕೆಜಿ ಮಾಂಸಖಂಡ ಕಳೆದುಕೊಂಡರು. ಮುಪ್ಪಿನ ಖಾತೆಗೆ ನಾವು ಬರೆಯೋದರಲ್ಲಿ ದೊಡ್ಡ ಪಾಲು ಬಳಸದೇ ಹೋದದ್ದು.

ಮನೆಯಲ್ಲಿ ಏನು ಮಾಡಬೇಕು ಅಂದರೆ, ಉಪದೇಶ ಬೇಡ, ಬೇಡಿಕೆ ಇಡಿ. ಶತಾಯುಷಿ ಓಟಗಾರರ ವಿಡಿಯೋ ಕಳಿಸಬೇಡಿ. ಪಂಜಾಬಿನ ಮನ್ ಕೌರ್ 93ರಲ್ಲಿ ಓಟ ಶುರು ಮಾಡಿದ್ದು ನಿಜವಾಗಿಯೂ ದೊಡ್ಡದು, ಆದರೆ ಸೋಫಾದಿಂದ ಏಳೋಕಾಗದವರಿಗೆ ಅದು ‘ಅವರು ಬೇರೆ, ನಾವು ಬೇರೆ’ ಅನ್ನೋದನ್ನೇ ಗಟ್ಟಿ ಮಾಡುತ್ತೆ. ವಾಕಿಂಗ್ ಗುಂಪಿನಲ್ಲೇ ಇರೋ 74ರ ಯಾರೋ ಒಬ್ಬರು ಕುರ್ಚಿ ಪರೀಕ್ಷೆಯಲ್ಲಿ 14 ಮಾಡಿದರೆ ಅಪ್ಪನಿಗೆ ಅದು ನಾಟುತ್ತೆ.

ಗುರಿಯೂ ಅವರದೇ ಆಗಿರಲಿ. ‘ಸ್ನಾಯು ಬೆಳೆಸಿ’ ಅಂದರೆ ಯಾರಿಗೆ ಬೇಕು? ಮದುವೆ ಮನೆಯಲ್ಲಿ ಪಂಕ್ತಿಯಲ್ಲಿ ಕೆಳಗೆ ಕೂತು ಊಟ ಮಾಡೋದು, ಕೆಂಪು ಬಸ್ಸಿನ ಮೊದಲ ಮೆಟ್ಟಿಲು ಯಾರ ಕೈಯೂ ಹಿಡಿಯದೆ ಹತ್ತೋದು, ಮೊಮ್ಮಗುವನ್ನು ನೆಲದಿಂದ ಎತ್ತಿಕೊಳ್ಳೋದು, ಇಂಥದ್ದು ಒಂದನ್ನು ಅವರೇ ಆರಿಸಲಿ.

ಇನ್ನೊಂದು ಮಾತು, ಸ್ವಲ್ಪ ಖಾರ ಅನ್ನಿಸಬಹುದು. ‘ನೀವು ಸುಮ್ನೆ ಕೂತ್ಕೊಳ್ಳಿ, ನಾನು ತರ್ತೀನಿ’ ಅನ್ನೋ ನಮ್ಮ ಅಕ್ಕರೆಯೇ ಎಷ್ಟೋ ಹಿರಿಯರ ಬಲ ತೆಗೆಯುತ್ತೆ. ನೀರಿನ ಬಿಂದಿಗೆ, ಅಕ್ಕಿ ಡಬ್ಬ, ತರಕಾರಿ ಚೀಲ, ಮೆಟ್ಟಿಲು, ಇವೆಲ್ಲ ಅವರ ದಿನದ ವ್ಯಾಯಾಮವಾಗಿತ್ತು. ಒಂದೊಂದಾಗಿ ಕಿತ್ತುಕೊಂಡು ಆಮೇಲೆ ವ್ಯಾಯಾಮ ಮಾಡಿ ಅಂತ ಪೀಡಿಸ್ತೀವಿ. ಅಮ್ಮ ಮಾಡಬಲ್ಲ ಕೆಲಸ ಅಮ್ಮನಿಗೇ ಬಿಡಿ.

ಉತ್ತರ: ತುಂಗಾತೀರ

ಇಷ್ಟೆಲ್ಲ ಯಾಕೆ? ನಮ್ಮ ಯೋಗ ಇದೆಯಲ್ಲ. ಸೂರ್ಯ ನಮಸ್ಕಾರ ದಿನಕ್ಕೆ ಹನ್ನೆರಡು ಹಾಕಿದರೆ ಬಲ, ಸಮತೋಲ, ಉಸಿರು ಎಲ್ಲ ಅದರಲ್ಲೇ ಬರುತ್ತೆ. ಪಾರ್ಕಿನಲ್ಲಿ ಓಪನ್ ಜಿಮ್ ಕೂಡ ಇದೆ, ಪುಕ್ಕಟೆ.

ಉತ್ತರ: ಮಂಡಿಚಿಪ್ಪು (ಫಿಸಿಯೋಥೆರಪಿ)

@ತುಂಗಾತೀರ, ಮೊದಲಿನಿಂದ ಮಾಡ್ತಾ ಬಂದವರಿಗೆ ಸರಿ. 66ರಲ್ಲಿ ಹೊಸದಾಗಿ ಶುರು ಮಾಡೋರಿಗೆ, ಅದರಲ್ಲೂ ಮುಟ್ಟು ನಿಂತ ಮೇಲೆ ಮೂಳೆ ಸಾಂದ್ರತೆ ಪರೀಕ್ಷೆಯನ್ನೇ ಮಾಡಿಸದ ಹೆಂಗಸರಿಗೆ, ಪೂರ್ತಿ ಮುಂದಕ್ಕೆ ಬಾಗಿ ಬೆನ್ನು ಗುಂಡಗೆ ಮಾಡೋ ಆಸನಗಳಿಂದ ಶುರು ಮಾಡಬಾರದು. ಟೊಳ್ಳಾದ ಬೆನ್ನುಮೂಳೆಯ ಮುಂಭಾಗಕ್ಕೆ ಆಗ ಒತ್ತಡ ಬಿದ್ದು ಮೂಳೆ ಕುಸಿಯಬಹುದು. ಗೋಡೆ ಪಕ್ಕ ವೃಕ್ಷಾಸನ (ಒಂಟಿ ಕಾಲಲ್ಲಿ ನಿಲ್ಲೋದು) ಸಮತೋಲಕ್ಕೆ ಬಹಳ ಒಳ್ಳೆಯದು, ಕುರ್ಚಿ ಹಿಂದಿಟ್ಟುಕೊಂಡು ಉತ್ಕಟಾಸನ (ಕುರ್ಚಿಯಲ್ಲಿ ಕೂತ ಹಾಗೆ ಮಂಡಿ ಬಾಗಿಸಿ ನಿಲ್ಲೋದು) ತೊಡೆಗೆ ಒಳ್ಳೆಯದು. ಇವೆರಡನ್ನೂ ಮೇಲಿನ ಪಟ್ಟಿಗೆ ಸೇರಿಸಿಕೊಳ್ಳಬಹುದು.

ಓಪನ್ ಜಿಮ್ಮಿನಲ್ಲಿ ಕೂತು ಕಾಲಿನಿಂದ ತಳ್ಳುವ ಯಂತ್ರ ಪರವಾಗಿಲ್ಲ. ನಿಂತು ಸೊಂಟ ಗಿರ್ರನೆ ತಿರುಗಿಸುವ ತಟ್ಟೆ ಹಿರಿಯರಿಗೆ ಬೇಡ: ಬೆನ್ನುಮೂಳೆ ಮತ್ತು ಮಂಡಿ ಎರಡಕ್ಕೂ ಹಿಡಿತವಿಲ್ಲದ ತಿರುಚು. ಗಾಳಿಯಲ್ಲಿ ನಡೆಯುವ ಉಯ್ಯಾಲೆಯಂಥದ್ದರಲ್ಲಿ ಹತ್ತುವಾಗ ಇಳಿಯುವಾಗಲೇ ಜಾರೋದು.

ಉತ್ತರ: ಸ್ಟೆತೋಸ್ಕೋಪ್

ಮಾತ್ರೆಗಳ ಬಗ್ಗೆ ಯಾರೂ ಹೇಳಿಲ್ಲ, ಅದನ್ನು ಸೇರಿಸ್ತೀನಿ.

ಅಪ್ಪನಿಗೆ: ಟಾಮ್ಸುಲೋಸಿನ್ ಮತ್ತು ಬಿಪಿ ಮಾತ್ರೆ ಒಟ್ಟಿಗೆ ಇದ್ದಾಗ ಎದ್ದು ನಿಂತ ಕೂಡಲೇ ಒತ್ತಡ ಇಳಿಯಬಹುದು. ಐದು ನಿಮಿಷ ಮಲಗಿಸಿ ಬಿಪಿ ನೋಡಿ, ನಿಂತ ಒಂದು ನಿಮಿಷಕ್ಕೆ ಮತ್ತು ಮೂರು ನಿಮಿಷಕ್ಕೆ ಮತ್ತೆ ನೋಡಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ವ್ಯಾಯಾಮಕ್ಕೆ ಮೊದಲು ಡಾಕ್ಟರಿಗೆ ತಿಳಿಸಿ, ಮಾತ್ರೆಯ ಹೊತ್ತು ಬದಲಾಗಬೇಕಾಗಬಹುದು. ಕೂತಿದ್ದಾಗಲೇ 180/110 ದಾಟಿದ ದಿನ ವ್ಯಾಯಾಮ ಇಲ್ಲ. ಬಿಪಿ ಮಾತ್ರೆ ಬೀಟಾ ಬ್ಲಾಕರ್ ಗುಂಪಿನದ್ದಾದರೆ ಶ್ರಮ ಪಟ್ಟರೂ ನಾಡಿ ಅಷ್ಟಾಗಿ ಏರಲ್ಲ. ವಾಚಿನ ಅಂಕಿ ನಂಬದೆ, ಮಾತಾಡುವಾಗಿನ ಉಸಿರು ನೋಡಿಕೊಳ್ಳಿ.

ಅಮ್ಮನಿಗೆ: ಗ್ಲಿಮೆಪಿರೈಡ್ ಶುಗರ್ ತೀರಾ ಇಳಿಸಬಲ್ಲ ಮಾತ್ರೆ. ಖಾಲಿ ಹೊಟ್ಟೆಯಲ್ಲಿ ವ್ಯಾಯಾಮ ಬೇಡ, ತಿಂಡಿ ತಿಂದು ಒಂದೂವರೆ ಎರಡು ಗಂಟೆ ಆದ ಮೇಲೆ ಮಾಡಲಿ. ಮೊದಮೊದಲು ಶುರು ಮಾಡುವ ಮುನ್ನ ಗ್ಲುಕೋಮೀಟರ್‌ನಲ್ಲಿ ನೋಡಿ. 100ಕ್ಕಿಂತ ಕಡಿಮೆ ಇದ್ದರೆ ಒಂದು ಸಣ್ಣ ಬಾಳೆಹಣ್ಣು ತಿಂದು ಮಾಡಲಿ. ನಡುಕ, ಬೆವರು, ಕಣ್ಣು ಮಂಜು ಬಂದು 70ಕ್ಕಿಂತ ಇಳಿದಿದ್ದರೆ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿ, 15 ನಿಮಿಷಕ್ಕೆ ಮತ್ತೆ ನೋಡಿ. ಪಾದ ಜೋಮು ಇದ್ದರೆ ಬರಿಗಾಲು ಬೇಡ. ಕಣ್ಣಿನ ರೆಟಿನಾ ಪರೀಕ್ಷೆ ವರ್ಷದಿಂದ ಆಗಿಲ್ಲದಿದ್ದರೆ, ಭಾರ ಏರಿಸುವ ಮುನ್ನ ಮಾಡಿಸಿ.

ಎದೆ ಬಿಗಿತ, ದವಡೆಗೋ ತೋಳಿಗೋ ಹರಿಯುವ ನೋವು, ತಲೆ ಸುತ್ತಿ ಕಣ್ಣು ಕತ್ತಲಾಗೋದು, ಒಂದೇ ಮೀನಖಂಡ ಊದಿ ನೋಯೋದು, ಒಂದೇ ಕಡೆ ಕೈಕಾಲು ಸೋಲೋದು, ಕಾರಣವಿಲ್ಲದೆ ತೂಕ ಇಳಿಯೋದು: ಇವು ಕಂಡರೆ ವ್ಯಾಯಾಮ ನಿಲ್ಲಿಸಿ ಆಸ್ಪತ್ರೆಗೆ ಹೋಗಿ. ಇವನ್ನೂ ‘ವಯಸ್ಸಾಯ್ತು’ ಅಂತ ತಳ್ಳಿಹಾಕೋದು ನಮ್ಮ ಮನೆಗಳಲ್ಲಿ ತುಂಬಾ ಇದೆ, ಅದೇ ನನಗೆ ಹೆಚ್ಚು ಚಿಂತೆ. ಖಾಸಗಿ ಫಿಸಿಯೋ ದುಬಾರಿ ಅನ್ನಿಸಿದರೆ ಜಿಲ್ಲಾಸ್ಪತ್ರೆಯಲ್ಲಿ ಹಿರಿಯರ ವಿಭಾಗ ಮತ್ತು ಫಿಸಿಯೋಥೆರಪಿ ವಿಚಾರಿಸಿ.

ಉತ್ತರ: ಹುರುಳಿಕಟ್ಟು

ಊಟದ ಬಗ್ಗೆ ಎರಡೇ ಮಾತು. ಹಿರಿಯರಿಗೆ ದೇಹತೂಕದ ಪ್ರತಿ ಕೆಜಿಗೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕು. 60 ಕೆಜಿಯವರಿಗೆ 60ರಿಂದ 72 ಗ್ರಾಂ. ರಾತ್ರಿ ಬರೀ ಗಂಜಿ, ಬೆಳಿಗ್ಗೆ ಎರಡು ಇಡ್ಲಿ ಅಂದರೆ ಇದು ಬರಲ್ಲ. 100 ಗ್ರಾಂ ರಾಗಿಹಿಟ್ಟಿನ ಮುದ್ದೆಯಲ್ಲಿ ಸುಮಾರು 7 ಗ್ರಾಂ, 30 ಗ್ರಾಂ ತೊಗರಿಬೇಳೆ ಅಥವಾ ಹುರುಳಿಯಲ್ಲಿ 6ರಿಂದ 7, ಒಂದು ಲೋಟ ಹಾಲಿನಲ್ಲಿ 6, ಒಂದು ಮೊಟ್ಟೆಯಲ್ಲಿ 6, ಹಿಡಿ ಕಡಲೆಕಾಯಿಯಲ್ಲಿ 7. ಬರೀ ತಿಳಿಸಾರು ಸಾಲದು, ಕೆಳಗಿನ ಗಟ್ಟಿ ಬೇಳೆ ಬಡಿಸಿ. ಮೂರೂ ಹೊತ್ತಿಗೆ ಹಂಚಿಕೊಳ್ಳಿ. ಕಿಡ್ನಿ ತೊಂದರೆ ಇದ್ದರೆ ಈ ಲೆಕ್ಕ ಹಿಡಿಯಬೇಡಿ, ಡಾಕ್ಟರ ಮಾತೇ ಕೇಳಿ.

ಬೆಣ್ಣೆನಗರಿ

ಎಲ್ಲರಿಗೂ ತುಂಬಾ ಧನ್ಯವಾದ. ಕುರ್ಚಿ ಪರೀಕ್ಷೆ ಮಾಡಿಸಿದೆ. ಅಪ್ಪನಿಗೆ 9, ಅಮ್ಮನಿಗೆ 7. ಅಪ್ಪ ಅವತ್ತೇ ಒಪ್ಪಿಕೊಂಡರು. ಅಮ್ಮ ಎತ್ತರದ ಕುರ್ಚಿಯಲ್ಲಿ ಮಾಡಿದರು, ಆದರೆ ಮಾಡುವಾಗ ಮಂಡಿ ನೋವು ಹತ್ತಕ್ಕೆ 3ರಿಂದ 4 ಇತ್ತಂತೆ. ‘ಸವೆಯುತ್ತಾ ಇದೆ, ನೋಡು’ ಅಂತ ನಿಲ್ಲಿಸಿಬಿಟ್ಟರು. ಮರುದಿನ ಬೆಳಿಗ್ಗೆ ನೋವು ಮೊದಲಿನಷ್ಟೇ ಇತ್ತು. ಮುಂದುವರಿಸಲಾ?

ಉತ್ತರ: ಮಂಡಿಚಿಪ್ಪು (ಫಿಸಿಯೋಥೆರಪಿ)

ಮುಂದುವರಿಸಿ. ಸೊನ್ನೆಯಿಂದ ಹತ್ತರ ಅಳತೆಯಲ್ಲಿ 2ರವರೆಗೆ ನಿಶ್ಚಿಂತೆ, 5ರವರೆಗೆ ಒಪ್ಪಬಹುದು, ಆದರೆ 24 ಗಂಟೆಯೊಳಗೆ ಮೊದಲಿನ ಮಟ್ಟಕ್ಕೆ ಇಳಿದಿರಬೇಕು. ಅಮ್ಮನದು ಇಳಿದಿದೆ. 5 ದಾಟಿದರೆ, ಮರುದಿನವೂ ಹೆಚ್ಚೇ ಇದ್ದರೆ, ಅಥವಾ ಮಂಡಿ ಊದಿಕೊಂಡರೆ ಬಿಟ್ಟುಬಿಡೋದಲ್ಲ, ಕುರ್ಚಿಯ ಎತ್ತರ ಒಂದು ಮಡಿಕೆ ಹೆಚ್ಚಿಸಿ, ಎಣಿಕೆ 6ಕ್ಕೆ ಇಳಿಸಿ.

ಸವೆತದ ಮಾತು ಎಕ್ಸ್-ರೇ ನೋಡಿದಾಗ ಹುಟ್ಟೋ ಭಯ. ಮೃದ್ವಸ್ಥಿಗೆ, ಅಂದರೆ ಕೀಲಿನಲ್ಲಿ ಮೂಳೆ ತುದಿಗಳಿಗೆ ಮೆತ್ತೆಯಂತಿರೋ ಪದರಕ್ಕೆ, ನೇರ ರಕ್ತನಾಳ ಇಲ್ಲ. ಭಾರ ಬಿದ್ದು ಬಿಟ್ಟಾಗ ಕೀಲಿನ ದ್ರವ ಸ್ಪಂಜಿನಲ್ಲಿ ನೀರು ಹೋಗಿ ಬಂದ ಹಾಗೆ ಓಡಾಡಿ ಪೋಷಣೆ ತಲುಪುತ್ತೆ. ಕೂತೇ ಇದ್ದರೆ ಆ ಪೋಷಣೆಯೂ ಇಲ್ಲ, ತೊಡೆಸ್ನಾಯು ಸೊರಗಿ ಪ್ರತಿ ಹೆಜ್ಜೆಯ ಭಾರ ಕೀಲಿನ ಮೇಲೇ ಹೆಚ್ಚು ಬೀಳುತ್ತೆ. ಅಮ್ಮ ಮಂಡಿ ಉಳಿಸಿಕೊಳ್ಳೋಕೆ ಅಂತ ಮಾಡ್ತಿರೋದೇ ಮಂಡಿ ನೋವನ್ನು ಸಾಕ್ತಾ ಇದೆ.

ಮೆಟ್ಟಿಲಿಗೂ ಈಗಲೇ ತಯಾರಿ ಮಾಡಿ. ಕಂಬಿ ಹಿಡಿದು, ಮೊದಲ ಮೆಟ್ಟಿಲನ್ನಷ್ಟೇ ಹತ್ತಿ ಇಳಿಯೋದು, 5 ಸಲ. ಹತ್ತುವಾಗ ನೋವಿಲ್ಲದ ಕಾಲು ಮೊದಲು, ಇಳಿಯುವಾಗ ನೋವಿರುವ ಕಾಲು ಮೊದಲು. ಮಂಡಿಗೆ ಬಲ ಬರ್ತಾ ಹೋದಂತೆ ಎಂದಿನ ಹಾಗೆ ಕಾಲು ಬದಲಿಸುತ್ತಾ ಹತ್ತಲಿ.

ಮೊದಲ ಕೆಲವು ವಾರದ ಸುಧಾರಣೆ ನರಗಳು ಸ್ನಾಯುವನ್ನು ಚೆನ್ನಾಗಿ ಬಳಸೋಕೆ ಕಲಿಯೋದರಿಂದ ಬರುತ್ತೆ, ಸ್ನಾಯು ದಪ್ಪವಾಗೋಕೆ ಎಂಟರಿಂದ ಹನ್ನೆರಡು ವಾರ ಬೇಕು. ಕುರ್ಚಿ ಪರೀಕ್ಷೆಯನ್ನು ದಿನಾ ಮಾಡಿಸಬೇಡಿ, ತಿಂಗಳಿಗೊಮ್ಮೆ ಕ್ಯಾಲೆಂಡರಿನಲ್ಲಿ ಬರೆದಿಡಿ. ನಡುವೆ ಹಬ್ಬ, ಜ್ವರ, ಊರು ಅಂತ ಎರಡು ವಾರ ತಪ್ಪಿದರೆ ಬಿಟ್ಟಲ್ಲಿಂದ ಹಿಡಿಯಬೇಡಿ: ಚೀಲದ ಭಾರ ಅರ್ಧ ಮಾಡಿ ಒಂದೇ ಸುತ್ತಿನಿಂದ ಶುರು ಮಾಡಿ, ಒಂದು ವಾರದ ಮೇಲೆ ಎರಡನೇ ಸುತ್ತು ಸೇರಿಸಿ.